ಹರ್ಮಲನ ಅಂಗಳದಲ್ಲಿ ಮೂರು ಮಧ್ಯಾಹ್ನ

ಚಾಟಿಯ ಮೊದಲ ಏಟಿಗೇ ಯಸಾರನ ಕಿವಿ ಹರಿಯಿತು.

"ಯಾರೋ ನಿಂಗೆ ಕಲಿಸಿದ್ದು? ಬೊಗಳೋ!" ಹರ್ಮಲ ಅರಚಿದ.

ಆ ಬೆಳಿಗ್ಗೆ ತೊಗಲು ಹದಮಾಡುವ ಕೊಟ್ಟಿಗೆಯ ಹಿಂದೆ ಯಾರೋ ಪಿಸುದನಿಯಲ್ಲಿ ಪ್ರಾರ್ಥಿಸುತ್ತಿದ್ದುದು ಅವನಿಗೆ ಕೇಳಿಸಿತ್ತು. ಓಡಿಹೋಗಿ ನೋಡಿದರೆ ಅಲ್ಲಿ ನಿಂತಿದ್ದವನು ಯಸಾರ, ಮನೆಯ ಗುಲಾಮ. ಮಕ್ಕಾದಲ್ಲಿ ಆಗ ಹೊಸ ಧರ್ಮ ಹಿಡಿದವರ ಬೇಟೆ ನಡೆದಿತ್ತು. ನೆರೆಯ ಕುಲದವರು ಹಿಂದಿನ ವಾರವಷ್ಟೇ ಒಬ್ಬ ದಾಸಿಯನ್ನು ಕಲ್ಲು ಹೇರಿ ಕೊಂದಿದ್ದರು. ತನ್ನ ಮನೆಯಲ್ಲಿ ಅಂಥವರು ಯಾರೇ ಸಿಕ್ಕರೂ ಕೈಯಾರೆ ಮುಗಿಸುತ್ತೇನೆಂದು ಹರ್ಮಲ ಹಿರಿಯರೆದುರು ಆಣೆ ಮಾಡಿದ್ದ.

ಯಸಾರನನ್ನು ಬತ್ತಲೆ ಮಾಡಿ, ಕಾದ ನೆಲದ ಮೇಲೆ ಅಂಗಾತ ಕೆಡವಿ, ಎದೆಯ ಮೇಲೆ ಬೀಸುವ ಕಲ್ಲು ಇಟ್ಟರು. ಬೆನ್ನಿನ ಚರ್ಮ ನೆಲಕ್ಕೆ ಅಂಟಿತು.

"ಲಾತ್ ದೇವಿಯೇ ನನ್ನ ದೇವರು ಅನ್ನು. ಈಗ್ಲೇ ಬಿಡ್ತೀನಿ."

ಯಸಾರ ತಲೆಯಾಡಿಸಿದ. ಇಲ್ಲ.

ಎರಡನೆಯ ಮಧ್ಯಾಹ್ನ ಕಾದ ಕಬ್ಬಿಣ ಬಂತು. ಸುಟ್ಟ ಮಾಂಸದ ವಾಸನೆ ಅಂಗಳ ತುಂಬಿತು.

"ನಿನ್ನೆ ಕೊಟ್ಟಿಗೆ ಹಿಂದೆ ಪಿಸುಗುಡ್ತಿದ್ಯಲ್ಲ, ಅದನ್ನ ಈಗ ನನ್ನ ಮುಂದೆ ಹೇಳೋ ನೋಡೋಣ!"

ಯಸಾರ ತುಟಿ ಬಿಗಿಹಿಡಿದ. ಹರ್ಮಲ ಚಾಟಿಯ ಹಿಡಿಯಿಂದ ಆ ತುಟಿಗಳ ಮೇಲೇ ಬಡಿದ. ಎರಡು ಹಲ್ಲು ಉದುರಿದವು.

"ಎಂಥಾ ಕೊಬ್ಬು ನೋಡು ಇವನಿಗೆ!"

ಮೂರನೆಯ ದಿನ ಎದೆಯ ಮೇಲಿನ ಕಲ್ಲಿನಡಿ ಪಕ್ಕೆಲುಬು ಮುರಿದ ಸದ್ದು ಒಳಮನೆಗೂ ಕೇಳಿಸಿತು. ಹರ್ಮಲನ ಹೆಂಡತಿ ತುಮಾದಿರ್ ತಲೆವಸ್ತ್ರವೂ ಇಲ್ಲದೆ ಅಂಗಳಕ್ಕೆ ಓಡಿಬಂದಳು.

"ರೀ, ಸಾಕು ಬಿಡಿ! ಇವನೇನು—"

"ಪ್ರಾರ್ಥನೆ ಮಾಡಿದ್ದು ನಾನೇ, ಧಣಿ!" ಯಸಾರ ರಕ್ತ ಉಗುಳುತ್ತ ಕಿರುಚಿದ. "ನಾನೇ! ನನ್ನನ್ನ ಕೊಂದ್ಹಾಕಿ!"

ಹರ್ಮಲ ಹೆಂಡತಿಯನ್ನು ಆಚೆ ನೂಕಿದ. ತೋಳು ಸೋಲುವವರೆಗೂ ಬಾರಿಸಿದ. ಕೆಳಗಿದ್ದ ದೇಹ ಅಲುಗಾಡದಾಗ ಕಾಲಿನಿಂದ ಒದ್ದು ನೋಡಿದ. ಸತ್ತಿದ್ದಾನೆ ಅನ್ನಿಸಿತು. ಸಂಜೆ ಊರಾಚೆ ಎಸೆದು ಬರಲು ಆಳುಗಳಿಗೆ ಹೇಳಿ, ಮೈ ತೊಳೆದುಕೊಂಡು, ಹಿರಿಯರಿಗೆ ಸುದ್ದಿ ಮುಟ್ಟಿಸಲು ಹೊರಟುಹೋದ.

ತುಮಾದಿರ್ ಕಲ್ಲು ಉರುಳಿಸಿದಳು. ಅವನ ತುಟಿಗೆ ನೀರು ಸೋಕಿಸಿದಳು. ಒಂದು ಕಣ್ಣು ಮೆಲ್ಲಗೆ ತೆರೆಯಿತು.

"ಲಾತಳ ಹೆಸರು ಒಂದ್ಸಲ ಹೇಳಿಬಿಡಬಾರ್ದಿತ್ತೇನೋ, ಯಸಾರ? ಜೀವ ಉಳಿಸ್ಕೊಳ್ಳೋಕೆ ಹೇಳಿದ್ರೆ ದೇವರು ಕ್ಷಮಿಸ್ತಾನೆ."

"ಅಷ್ಟು ಸುಲಭಕ್ಕೆ ಹೇಳಿಬಿಟ್ಟಿದ್ರೆ... ಧಣಿಗೆ ಅನುಮಾನ ಬಂದು ಮತ್ತೆ ಹುಡುಕ್ತಿದ್ರು."

ಅವಳು ಬಿಕ್ಕಿದಳು. ಅವನು ಕಷ್ಟಪಟ್ಟು ಅವಳ ಕಡೆಗೆ ಮುಖ ತಿರುಗಿಸಿದ.

"ಅಮ್ಮಾವ್ರೇ, ಕೊಟ್ಟಿಗೆ ಹಿಂದೆ ನೀವು ಹೇಳ್ಕೊಳ್ತಿದ್ರಲ್ಲ, ಅದೇನೂಂತ ನಂಗೆ ಸರಿಯಾಗಿ ಕೇಳಿಸಿರ್ಲಿಲ್ಲ. ಈಗಾದ್ರೂ ಹೇಳ್ಕೊಡಿ."