ಬೀಗರ ಕಡೆಯ ರಂಧ್ರ

ಮೂರು ತಿಂಗಳ ಮೊಮ್ಮಗಳ ಹೃದಯದಲ್ಲಿ ರಂಧ್ರವಿದೆಯೆಂದು ಡಾಕ್ಟರು ಹೇಳಿದ ಕೂಡಲೇ ಅಜ್ಜ ಅಂದಾನಪ್ಪನವರು ಸೊಸೆಯ ಕಡೆ ಬೆರಳು ತೋರಿಸಿದರು.

"ನಮ್ಮ ಮನೆತನದಾಗ ಏಳು ತಲಿಯಿಂದ ಇಂಥಾದ್ದಿಲ್ರಿ. ಇದು ಬೀಗರ ಕಡಿಂದ ಬಂದದ್ದು."

"ಆಪರೇಷನ್ ಮಾಡಿದ್ರ ಕೂಸು ಆರಾಮ ಆಗ್ತದ ಯಜಮಾನ್ರ," ಎಂದರು ಡಾಕ್ಟರು. "ಬಹಳ ಸಲ ಇದು ಯಾರ ಕಡಿಂದನೂ ಬಂದಿರೂದಿಲ್ಲ. ಆದ್ರ ಕೆಲವು ಮನೆತನದಾಗ ಮತ್ತ ಮತ್ತ ಕಾಣಸ್ತದ. ಎರಡೂ ಕಡಿಯವರು ಒಮ್ಮೆ ಹೃದಯದ ಎಕೋ ಸ್ಕ್ಯಾನ್ ಮಾಡಿಸಿಕೊಂಡ್ರ ಛಲೋ."

ಅಂದಾನಪ್ಪನವರು ಮರುದಿನವೇ ಬೀಗರನ್ನೆಲ್ಲ ಕರೆಸಿ ಒಬ್ಬೊಬ್ಬರನ್ನಾಗಿ ಪರೀಕ್ಷೆಗೆ ಮಲಗಿಸಿದರು. ಸೊಸೆಯ ತಂದೆ, ತಾಯಿಯಿಂದ ಹಿಡಿದು ಸೋದರಮಾವನವರೆಗೆ ಎಲ್ಲರ ಹೃದಯವೂ ನೆಟ್ಟಗಿತ್ತು. ಕೊನೆಗೆ, ಒಳ್ಳೆಯ ಹೃದಯ ಹೇಗಿರುತ್ತದೆಂದು ಬೀಗರಿಗೆ ತೋರಿಸಲೆಂದೇ ತಾವೂ ಅಂಗಿ ಬಿಚ್ಚಿ ಮಲಗಿದರು.

ಡಾಕ್ಟರು ಪರದೆಯನ್ನು ಬಹಳ ಹೊತ್ತು ನೋಡಿದರು.

"ಯಜಮಾನ್ರ, ನಿಮ್ಮ ಹೃದಯದಾಗೂ ಒಂದು ರಂಧ್ರ ಅದ."

"ವಯಸ್ಸಾತಲ್ರಿ, ಸವದಿರಬೇಕು."

"ಇಲ್ರಿ, ಇದು ಹುಟ್ಟಿದಾಗಿಂದನ ಇರೂದು."

ಮೂಲೆಯಲ್ಲಿ ಕೂತಿದ್ದ ಅವರ ಹೆಂಡತಿ ಪಾರ್ವತೆವ್ವ ಎದ್ದು ಬಂದರು.

"ಆ ರಿಪೋರ್ಟಿಂದು ನನಗೂ ಒಂದು ಕಾಪಿ ಕೊಡ್ರಿ ಡಾಕ್ಟ್ರ. ನನ್ನ ಚೊಚ್ಚಲ ಕೂಸು ಎಂಟು ದಿನಕ್ಕ ನೀಲಿಗಟ್ಟಿ ಸತ್ತಾಗ, ನಿನ್ನ ತವರಿನ ರಕ್ತನ ಕೆಟ್ಟದ್ದು ಅಂತ ಇವರು ನನ್ನ ಅಣ್ಣನ್ನ ನಲವತ್ತು ವರ್ಷ ನಮ್ಮ ಹೊಸ್ತಿಲಾ ತುಳಿಯಾಕ ಬಿಟ್ಟಿಲ್ಲ. ಅವನಿಗೆ ತೋರಿಸಬೇಕು."