ಕುಂಕುಮ ಹಚ್ಚಿದ ಸ್ಪ್ರಿಂಗ್ ಕಂಪ್ರೆಸರ್

ಗ್ರೀಸಿನ ವಾಸನೆಗೆ ಕರ್ಪೂರದ ಹೊಗೆ ಬೆರೆತರೆ ಇಂದಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಪೀಣ್ಯದ ನಮ್ಮ ಗ್ಯಾರೇಜಿನಲ್ಲಿ ಅಂದು ಆಯುಧಪೂಜೆ. ಕಾರಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಕೊಕ್ಕೆಗಳಲ್ಲಿ ಹಿಡಿದು ಉದ್ದನೆಯ ಬೋಲ್ಟು ತಿರುಗಿಸಿ ಅದುಮುವ ಕಂಪ್ರೆಸರಿಗೂ ಅಪ್ಪ ಕುಂಕುಮ ಹಚ್ಚಿದ್ದರು. ಜಿಡ್ಡಿಗೆ ಅಂಟಿದ ಕುಂಕುಮ ಹುಣ್ಣಿನ ಹಾಗೆ ಕಾಣುತ್ತಿತ್ತು. ಅದರೊಳಗೆ ಕೆಲಸ ಅರ್ಧಕ್ಕೆ ನಿಲ್ಲಿಸಿ ಬಿಟ್ಟಿದ್ದ ಸ್ಪ್ರಿಂಗ್ ಬಿಗಿಯಾಗಿಯೇ ಇತ್ತು.

"ಸಾರ್, ಬಿಗಿ ಅಂಗೇ ಐತೆ. ಸಡ್ಲ ಮಾಡ್ಬಿಡ್ಲಾ?" ಎಂದು ಮೆಕ್ಯಾನಿಕ್ ರಾಜಣ್ಣ ಸ್ಪ್ಯಾನರ್ ಎತ್ತಿಕೊಂಡ.

"ಕುಂಕುಮ ಇಟ್ಮೇಲೆ ನಾಳೆವರ್ಗೂ ಮುಟ್ಟಂಗಿಲ್ಲ ಕಣೋ. ದೇವ್ರಿಗಿಲ್ದಿರೋ ಅವಸರ ನಿಂಗ್ಯಾಕೆ?" ಎಂದರು ಅಪ್ಪ. ಎಲ್ಲರೂ ನಕ್ಕರು.

ರಾಜಣ್ಣ ಅದರ ಮೇಲೆ ಹೂವಿಡಲು ಬಗ್ಗಿದ. ಕೊಕ್ಕೆ ಜಾರಿ ಸ್ಪ್ರಿಂಗ್ ಅವನ ಬಾಯಿಗೆ ಬಡಿಯಿತು. ಹಲ್ಲು ಕಡಲೆಪುರಿಯ ತಟ್ಟೆಗೆ ಬಿತ್ತೆಂದು ನೆನಪು. ತಟ್ಟೆ ನಿಜಕ್ಕೂ ಅಲ್ಲಿತ್ತೋ, ನಾನೇ ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ರಕ್ತ ಮಾತ್ರ ಕೊಕ್ಕೆಯ ಮೇಲೂ ಹರಿದಿತ್ತು.

ಅಪ್ಪ ಬಟ್ಟೆ ತಂದರು. ಮೊದಲು ಕಂಪ್ರೆಸರನ್ನು ಒರೆಸಿ ಹೊಸದಾಗಿ ಕುಂಕುಮ ಇಟ್ಟರು. ಆಮೇಲೆ ಅದೇ ಬಟ್ಟೆಯನ್ನು ರಾಜಣ್ಣನ ಕೈಗೆ ಕೊಟ್ಟು, "ಬಾಯಿಗೆ ಒತ್ಕೊಂಡು ಆ ಕಡೆ ಕೂತ್ಕೋ. ಇನ್ನೂ ಮಂಗಳಾರತಿ ಆಗಿಲ್ಲ" ಎಂದರು.