ಒರೆಸಲು ಬಂದ ಒದ್ದೆ ಬಟ್ಟೆ

…ಅಥವಾ ಇದೆಲ್ಲ ಆಮೇಲೆ ಯಾರೋ ಹೇಳಿದ್ದಿರಬಹುದು. ಆದರೂ ಸ್ಪಿರಿಟ್ ವಾಸನೆ ಬಂದರೆ ರಬಕವಿಯ ನಮ್ಮ ಮಗ್ಗದ ಕೋಣೆ ಈಗಲೂ ಕಣ್ಣಮುಂದೆ ಬರುತ್ತದೆ.

ನಮ್ಮಲ್ಲಿ ಸಿಡುಬಿಗೂ ದೇವಿ ಅನ್ನುತ್ತಿದ್ದರು, ಅದರ ಲಸಿಕೆಗೂ ದೇವಿಯೇ. ಪಕ್ಕದ ಮನೆಯ ಮಗು ಸಿಡುಬಿನಿಂದ ತೀರಿಕೊಂಡ ವಾರವೇ ಅವ್ವ ನನಗೆ ಲಸಿಕೆ ಹಾಕಿಸಿದಳು. ಲಸಿಕೆಯವರು ಮಗ್ಗದ ಕೋಣೆಯಲ್ಲೇ ಸ್ಪಿರಿಟ್ ಹಚ್ಚಿ, ತೋಳು ಗೀರಿ ಹೊರಟೊಡನೆ ಅಜ್ಜಿ ಒದ್ದೆ ಬಟ್ಟೆ ತಂದಳು.

"ದೇವೀನ ನೀನ ಮನಿಗೆ ಕರಕೊಂಡಂಗಾತಲ್ಲ! ಸರಿ ಅತ್ತಾಗ, ಒರಸ್ತೀನಿ."

"ಮುಟ್ಟಬ್ಯಾಡ್ರಿ ಅತ್ತಿ, ಅದು ಆರಬೇಕು," ಎಂದಳು ಅವ್ವ.

"ನನಗ ಶಾಣ್ಯಾತನ ಕಲಿಸಾಕತ್ತಿ ಏನ ಬೇ?"

"ಹೂನ್ರಿ."

ಗೀರು ಒಣಗುವವರೆಗೂ ಅವ್ವ ನನ್ನ ಮೊಣಕೈ ಬಿಡಲಿಲ್ಲ. ಅವಳು ಸ್ವತಃ ಲಸಿಕೆ ಹಾಕಿಸಿಕೊಂಡಿದ್ದಳೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.